ಒಲೆ ನೋಡಿ ಮನೆ ಹಿಡಿದವನ ಹಿಮಯಾತ್ರೆ

ಹೊರಗೂರಿಗೆ ಹೋದಾಗ ಇಳಿದುಕೊಳ್ಳುವ ಜಾಗ ಆರಿಸುವುದರಲ್ಲಿ ಮಧುಗಿರಿಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದು ಜಂಬವಲ್ಲ, ನಮ್ಮ ಬೀದಿಯವರೇ ಒಪ್ಪಿಕೊಂಡ ಮಾತು. ತಿರುಪತಿ, ಧರ್ಮಸ್ಥಳ, ಮಂತ್ರಾಲಯ, ಎಲ್ಲಿಗೆ ಹೊರಟರೂ ಬಸ್ಸು ನಿಂತ ಕೂಡಲೇ ಮಿಕ್ಕವರು ಗಂಟುಮೂಟೆಗಳ ಮೇಲೆ ಕೂತರೆ ನಾನು ಛತ್ರ ನೋಡಲು ಓಡುತ್ತಿದ್ದೆ. ಈ ವಿದ್ಯೆ ನನಗೆ ಅಜ್ಜಿಯಿಂದ ಬಂದದ್ದು. "ಮೊದ್ಲು ಒಲೆ ನೋಡ್ಲಾ, ಆಮೇಲೆ ನೀರು ನೋಡು. ದೇವ್ರು ಎಲ್ಲೂ ಓಡೋಗಲ್ಲ" ಎನ್ನುತ್ತಿದ್ದಳು. ಛತ್ರದ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಅವಳು ಮುದ್ದೆ ತಿರುವುತ್ತಿದ್ದರೆ ಹೊಗೆಗೆ ಕಣ್ಣೊರೆಸಿಕೊಳ್ಳುತ್ತ ನಾವೆಲ್ಲ ಸುತ್ತ ಕೂರುತ್ತಿದ್ದೆವು. ಆಮೇಲೆ ಒಂದೇ ಜಮಖಾನದ ಮೇಲೆ ಸಾಲಾಗಿ ನಿದ್ದೆ. ಆ ಯಾತ್ರೆಗಳ ದೇವರು ನನಗೆ ಅಷ್ಟಾಗಿ ನೆನಪಿಲ್ಲ, ಆ ಮುದ್ದೆಯ ವಾಸನೆ ಮಾತ್ರ ಈಗಲೂ ಮೂಗಿನಲ್ಲಿದೆ.

ಇಂಥ ಅನುಭವಸ್ಥನಿಗೆ ಜಪಾನ್ ಯಾವ ಲೆಕ್ಕ?

ಜಪಾನಿನ ಮಾತು ತೆಗೆದವನು ನನ್ನ ಭಾಮೈದ ಓಬಳೇಶ. ಪಾವಗಡದ ಕಡೆ ತಿರುಮಣಿಯವನು. ಅವನ ಹೊಲದಲ್ಲಿ ಈಗ ಕಡಲೆಕಾಯಿ ಬದಲು ಸೋಲಾರ್ ಫಲಕಗಳು ನಿಂತಿವೆ. ಗುತ್ತಿಗೆ ಹಣ ತಾನಾಗಿಯೇ ಬರುತ್ತದೆ, ಇವನಿಗೆ ಮೊಬೈಲ್ ನೋಡುವುದು ಬಿಟ್ಟು ಬೇರೆ ಕೆಲಸವಿಲ್ಲ. ಜನ ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವುದನ್ನು ನೋಡಿ ನೋಡಿ ತಲೆ ಕೆಡಿಸಿಕೊಂಡಿದ್ದ. "ಏಮಿ ಬಾವಾ, ಬಿಸ್ಲು ಮಾರಿದ್ ದುಡ್ನಾಗೆ ಮಂಜು ನೋಡ್ಕಂಡ್ ಬರಾಣ" ಎಂದ.

ನಾನು ನಗುವ ಮೊದಲೇ ನನ್ನ ಹೆಂಡತಿ ಸರೋಜ ಹ್ಞೂಂ ಅಂದುಬಿಟ್ಟಳು. ಆ ಹ್ಞೂಂಗೆ ಹಿಂದಿನದೊಂದು ಕತೆ ಇದೆ.

ಸರೋಜಳ ಅಕ್ಕನ ಮದುವೆ ತಿರುಮಣಿಯಲ್ಲೇ ನಡೆಯಿತು. ಗಂಡು ನನ್ನ ಗೆಳೆಯ. ಕಡು ಬೇಸಿಗೆ. ಶರಬತ್ತಿಗೆ ಮಧುಗಿರಿಯಿಂದ ಐಸ್ ತರುವ ಗುರುತರ ಜವಾಬ್ದಾರಿ ನನ್ನ ತಲೆಗೆ ಬಂದಿತ್ತು. ಐಸ್ ಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹೂತು, ಗೋಣಿಚೀಲದಲ್ಲಿ ಕಟ್ಟಿಸಿ ಬಸ್ಸು ಹತ್ತಿದೆ. ಯಾರಾದರೂ ಹೊಡೆದುಕೊಂಡು ಹೋದರೆ ಮರ್ಯಾದೆ ಹೋಗುತ್ತದಲ್ಲ, ಕಣ್ಣ ಮುಂದೆಯೇ ಇರಲಿ ಎಂದು ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲಿಟ್ಟು ಅದರ ಮೇಲೆ ಕೈಯಿಟ್ಟು ಕೂತೆ. ಬಾನೆಟ್ಟಿನ ಕೆಳಗೆ ಎಂಜಿನ್ ಇರುತ್ತದೆಂಬ ವಿಷಯ ತಿರುಮಣಿಯಲ್ಲಿ ಇಳಿದ ಮೇಲೆ ಹೊಳೆಯಿತು. ಚಪ್ಪರದ ಕೆಳಗೆ ಹುಡುಗಿಯರು ಲೋಟ ಹಿಡಿದು ಕಾಯುತ್ತಿದ್ದರು. ಚೀಲ ಬಿಚ್ಚಿದರೆ ಒದ್ದೆ ಹೊಟ್ಟು! ಎಲ್ಲರ ಮುಖವೂ ಸಪ್ಪಗಾಯಿತು. ಒಬ್ಬಳು ಮಾತ್ರ ಖಾಲಿ ಲೋಟ ಹಿಡಿದುಕೊಂಡೇ ಹೊಟ್ಟೆ ತುಂಬ ನಕ್ಕಳು. ನಾನು ಆ ನಗುವಿಗೇ ಬಿದ್ದವನು, ಇನ್ನೂ ಎದ್ದಿಲ್ಲ.

ಮದುವೆಯಾದ ಹೊಸತರಲ್ಲಿ ಉತ್ಸಾಹ ಹೆಚ್ಚು. ನಿನಗೆ ಬೆಟ್ಟದಷ್ಟು ಐಸ್ ತೋರಿಸುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ. ಮನೆಗೆ ಫ್ರಿಜ್ ತಂದ ದಿನ ಮಾತು ತೀರಿತು ಅಂದುಕೊಂಡೆ. ಅವಳು ಬಾಗಿಲು ತೆಗೆದು ನೋಡಿ, ಇದು ಬೆಟ್ಟ ಅಲ್ಲ ಎಂದು ಬಾಗಿಲು ಹಾಕಿದಳು.

ಹಾಗಾಗಿ ಈ ಸಲ ಅವಳು ಬೇಡಿದ್ದು ಒಂದೇ. ಮೊಬೈಲಿನಲ್ಲಿ ಬೆಟ್ಟದ ಮೇಲಿನ ಹೋಟೆಲೊಂದನ್ನು ಹುಡುಕಿಟ್ಟಿದ್ದಳು. ಬಾಗಿಲು ತೆಗೆದರೆ ಹಿಮ, ಅಲ್ಲಿಂದಲೇ ಜಾರಬಹುದು. "ನಂಗೇನು ಜಾರೋದ್ ಬೇಡ ಕಣ್ರೀ. ಬೆಳಿಗ್ಗೆ ಎದ್ದು ಹೊಸ್ಲು ದಾಟಿದ್ರೆ ಕಾಲ ಕೆಳಗೆ ಮಂಜು ಇರ್ಬೇಕು, ಅಷ್ಟೆಯಾ" ಎಂದಳು.

ಎಲ್ಲಿ ಇಳಿದುಕೊಳ್ಳುವುದೆಂಬ ಖಾತೆ ನನ್ನದು. ಅಜ್ಜಿಯ ಶಾಸ್ತ್ರದ ಪ್ರಕಾರ ಪರಿಶೀಲಿಸಿದೆ. ಒಲೆ ಉಂಟೇ? ಇಲ್ಲ. ಮುದ್ದೆಯಿಲ್ಲದೆ ಓಬಳೇಶ ಒಂದು ಹೊತ್ತು ಇರುವವನಲ್ಲ. ಅರ್ಜಿ ತಿರಸ್ಕೃತ! ಅದೂ ಅಲ್ಲದೆ ಮಧುಗಿರಿ ಬೆಟ್ಟ ಹತ್ತುವವರು ತುದಿಯಲ್ಲಿ ರೂಮು ಮಾಡುತ್ತಾರೆಯೇ? ಬುಡದಲ್ಲಿ ಉಂಡು ಮಲಗಿ ಬೆಳಿಗ್ಗೆ ಹತ್ತುವುದು ಲೋಕರೂಢಿ. ಬೆಟ್ಟದ ಬುಡದ ಪೇಟೆಯಲ್ಲಿ, ರೈಲ್ವೆ ಸ್ಟೇಷನ್ ಪಕ್ಕದಲ್ಲಿ, ಅಡುಗೆಮನೆ ಸಮೇತ ಒಂದು ಮನೆ ಸಿಕ್ಕಿತು. ನೆಲದ ಮೇಲೆ ಸಾಲಾಗಿ ಹಾಸಿಗೆ ಹಾಸಿದ ಫೋಟೋ ನೋಡಿ ಅಜ್ಜಿಯ ಜಮಖಾನವೇ ಕಂಡಂತಾಗಿ ಕಣ್ಣು ತುಂಬಿ ಬಂತು. ಯಾರನ್ನೂ ಕೇಳದೆ ಬುಕ್ ಮಾಡಿಬಿಟ್ಟೆ. ಸರೋಜ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದರೆ ಭಯಪಡಬೇಕೆಂದು ಇಷ್ಟು ವರ್ಷವಾದರೂ ನನಗೆ ಗೊತ್ತಾಗಿಲ್ಲ.

ನಾವು ಇಳಿದ ದಿನ ಆ ಪೇಟೆಯಲ್ಲಿ ಮಳೆ. ಹಿಮವಲ್ಲ, ಶುದ್ಧ ಮಳೆ! ದೂರದ ಬೆಟ್ಟಗಳ ತುದಿ ಬೆಳ್ಳಗಿತ್ತು, ನಮ್ಮ ಬಾಗಿಲಲ್ಲಿ ಕೆಸರು. ಕೊಡೆ ಹಿಡಿದು ನಿಂತ ಸರೋಜ ನನ್ನನ್ನು ಮೆಲ್ಲಗೆ ಕೇಳಿದಳು. "ಹೈಸ್ಕೂಲಾಗೆ ಭೂಗೋಳ ಪಾಠ ಮಾಡಿದ್ರಿ ಅಲ್ವಾ? ಮೇಲಕ್ ಹೋದಂಗೆಲ್ಲ ಚಳಿ ಜಾಸ್ತಿ ಅಂತ ಮಕ್ಳಿಗೆ ಹೇಳ್ಕೊಡ್ತಿದ್ದೋರು ಯಾರು?"

ಪಾಠ ಮಾಡಿದವನು ನಾನೇ. ಆದರೆ ಪಾಠ ಮಾಡುವುದು ಬೇರೆ, ಮನೆ ಹಿಡಿಯುವುದು ಬೇರೆ.

ಹೋಗಲಿ, ಒಲೆಯಾದರೂ ಇದೆಯಲ್ಲ ಎಂದು ಅಡುಗೆಮನೆಗೆ ನುಗ್ಗಿದೆ. ಅದು ಕರೆಂಟಿನ ಗಾಜಿನ ಒಲೆ. ಊರಿಂದ ಹೊತ್ತು ತಂದ ಅಲ್ಯೂಮಿನಿಯಂ ಪಾತ್ರೆ ಇಟ್ಟರೆ ಬೀಪ್ ಅಂದು ಸುಮ್ಮನಾಯಿತು. ಪಾತ್ರೆ ಅದರ ಜಾತಿಯದಲ್ಲವಂತೆ. ಮನೆಯಲ್ಲಿದ್ದ ಪುಟ್ಟ ಸ್ಟೀಲ್ ಪಾತ್ರೆಯಲ್ಲಿ ಎಸರಿಟ್ಟು ಹಿಟ್ಟು ಹಾಕಿದೆವು. ಮುದ್ದೆ ತಿರುವುವುದೆಂದರೆ ಪಾತ್ರೆಯನ್ನು ಒತ್ತಿ ಹಿಡಿದು ಮೈಯ ಬಲವೆಲ್ಲ ಬಿಟ್ಟು ಮಾಡುವ ಕೆಲಸ. ಓಬಳೇಶ ಕೋಲು ಹಾಕಿ ತಿರುವಿದರೆ ಪಾತ್ರೆ ಗಾಜಿನ ಮೇಲೆ ತೇರಿನಂತೆ ಹೊರಟೇಹೋಗುತ್ತಿತ್ತು. ಪಾತ್ರೆ ಸರಿದ ಕೂಡಲೇ ಬೀಪ್, ಒಲೆ ಬಂದ್. ನಾನು ಪಾತ್ರೆ ಹಿಡಿದೆ, ಕೈ ಸುಟ್ಟಿತು. ಕೊನೆಗೆ ತಟ್ಟೆಗೆ ಬಿದ್ದದ್ದು ಹಿಟ್ಟಿನ ಗಂಟು. ಓಬಳೇಶ ಒಂದು ತುತ್ತು ನುಂಗಿ, "ಬಾವಾ, ಸೋಲಾರ್ ಕಂಪನಿಯೋರು ನನ್ ಹೊಲದಾಗೆ ಹಾಕಿರೋ ಜಲ್ಲಿ ಹಿಂಗೇ ಐತೆ" ಎಂದ.

ಮಾರನೆಯ ದಿನ ಬೆಟ್ಟಕ್ಕೆ ಹೋಗುವುದೆಂದು ನಿಶ್ಚಯ. ಮೇಲಕ್ಕೆ ಬೆಳಿಗ್ಗೆ ಒಂದೇ ಬಸ್ಸು. ಮುದ್ದೆ ತಿಂದು ಹೊರಡೋಣ, ಇವತ್ತು ಒಲೆಯ ಮರ್ಮ ಸಿಕ್ಕಿದೆ ಎಂದೆ. ಮರ್ಮ ಸಿಕ್ಕಿ ನಾವು ಓಡಿ ಬರುವಷ್ಟರಲ್ಲಿ ಬಸ್ಸು ಹೊರಟಿತ್ತು. ಜಪಾನಿನಲ್ಲಿ ಬಸ್ಸು ಹೇಳಿದ ಹೊತ್ತಿಗೇ ಹೊರಡುತ್ತದೆ. ಇದು ನಮ್ಮ ಕಡೆಯವರು ಕಲ್ಪಿಸಿಕೊಳ್ಳಲಾರದ ಕ್ರೌರ್ಯ. ನಮ್ಮೂರ ಹತ್ತಿರದ ಮಿಡಿಗೇಶಿಯಲ್ಲಿ ಕೈ ಅಡ್ಡ ಹಿಡಿದರೆ ಹೊರಟ ಬಸ್ಸೂ ನಿಲ್ಲುತ್ತದೆ. ಇಲ್ಲಿ ನಾನು ಕೈ ಅಡ್ಡ ಹಿಡಿದೆ, ಡ್ರೈವರ್ ವಿನಯದಿಂದ ತಲೆ ಬಾಗಿಸಿ ನಮಸ್ಕರಿಸುತ್ತ ಹೊರಟುಹೋದ.

ಸರೋಜ ಆ ದಿನವೆಲ್ಲ ಕಿಟಕಿಯಲ್ಲಿ ಕೂತು ಬೆಟ್ಟ ನೋಡಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಇಷ್ಟು ದೂರ ಕರೆದುಕೊಂಡು ಬಂದು ಮತ್ತೆ ಒದ್ದೆ ಹೊಟ್ಟು ಕೊಟ್ಟೆನಲ್ಲ ಎಂದು ನನಗೆ ನಿಜವಾಗಿಯೂ ಸಂಕಟವಾಯಿತು.

ಉಳಿದದ್ದು ಕೊನೆಯ ದಿನ. ಮುದ್ದೆಯ ಹೆಸರೆತ್ತದೆ ಬರಿಹೊಟ್ಟೆಯಲ್ಲಿ ಬಸ್ಸು ಹತ್ತಿದೆವು. ಮೇಲೆ ಹೋದರೆ ಕಣ್ಣು ಕುಕ್ಕುವ ಬಿಳುಪು, ಮೊಣಕಾಲುದ್ದ ಹಿಮ. ಓಬಳೇಶ ಹಲಗೆ ಕಟ್ಟಿಕೊಂಡು "ಬಾವಾ" ಎನ್ನುತ್ತ ಹೋದವನು ಬೇಲಿಯ ಬಲೆಯಲ್ಲಿ ಸಿಕ್ಕಿಕೊಂಡ. ನಾನು ಹಲಗೆಯ ಗೊಡವೆಗೆ ಹೋಗದೆ, ನಿಂತಲ್ಲೇ ಜಾರಿ ಬಿದ್ದೆ.

ಎದ್ದು ನೋಡಿದರೆ ಎದುರಿಗೇ ಸರೋಜ ಹುಡುಕಿಟ್ಟಿದ್ದ ಹೋಟೆಲು. ಜಪಾನಿ ಅಜ್ಜಿಯೊಬ್ಬಳು ಬಾಗಿಲು ತೆಗೆದು, ಹೊಸಿಲು ದಾಟಿ, ಹಿಮದ ಮೇಲೆ ಕಾಲಿಟ್ಟಳು. ಸರೋಜ ಅದನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ತಾನೂ ಅಲ್ಲಿಗೆ ನಡೆದು, ಆ ಅಜ್ಜಿಗೆ ಕೈಮುಗಿದು, ಹೊಸಿಲು ತೋರಿಸಿ ಏನೋ ಸನ್ನೆ ಮಾಡಿದಳು. ಅಜ್ಜಿ ನಕ್ಕು ಪಕ್ಕಕ್ಕೆ ಸರಿದಳು. ನನ್ನ ಹೆಂಡತಿ ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಮತ್ತೆ ತೆಗೆದು, ಬಲಗಾಲಿಟ್ಟು ಹೊರಗೆ ಬಂದಳು. ಮನೆ ತುಂಬಿಸಿಕೊಂಡ ದಿನವೂ ಅವಳ ಮುಖದಲ್ಲಿ ನಾನು ಅಂಥ ಕಳೆ ನೋಡಿರಲಿಲ್ಲ.

ಬಂದವಳೇ ಚೀಲದಿಂದ ಸ್ಟೀಲ್ ಟಿಫಿನ್ ಡಬ್ಬಿ ತೆಗೆದು ಹಿಮ ಒತ್ತಿ ತುಂಬಿದಳು. "ನಮ್ಮಕ್ಕನ ಮದ್ವೆ ಶರಬತ್ತು ಬಾಕಿ ಐತಲ್ಲ. ಮನೆಗೋಗಿ ಮಾಡಾಣ. ಇದು ನಿಮ್ ಜವಾಬ್ದಾರಿ" ಎಂದು ನನ್ನ ಕೈಗಿಟ್ಟಳು.

ಹಳೆಯ ಮರ್ಯಾದೆ ವಾಪಸು ಪಡೆಯುವ ಅವಕಾಶ! ಬಸ್ಸಿನಲ್ಲಿ ಒಳ್ಳೆಯ ಸೀಟು ಆರಿಸಿದೆ. ಚಳಿಗೆ ಹಿತವಾಗಿ ಬೆಚ್ಚಗಿದ್ದ ಸೀಟು. ಡಬ್ಬಿ ಕಣ್ಣ ಮುಂದೆಯೇ ಇರಲೆಂದು ಕಾಲ ಬಳಿ ಇಟ್ಟುಕೊಂಡು, ದಾರಿಯುದ್ದಕ್ಕೂ ರೆಪ್ಪೆ ಮಿಟುಕಿಸದೆ ಕಾದೆ. ಅಲ್ಲೇಕೆ ಅಷ್ಟು ಬೆಚ್ಚಗಿದೆ ಎಂದು ಮಾತ್ರ ಯೋಚಿಸಲಿಲ್ಲ. ಬಸ್ಸಿನ ಹೀಟರ್ ಇದ್ದದ್ದು ಅದೇ ಸೀಟಿನ ಕೆಳಗೆ.

ಪೇಟೆಯ ಬಾಡಿಗೆ ಮನೆಗೆ ಬಂದು ಸರೋಜ ನಿಂಬೆಹಣ್ಣು ಹಿಂಡಿ, ಸಕ್ಕರೆ ಹಾಕಿ, ಮೂರು ಲೋಟ ಸಾಲಾಗಿಟ್ಟು ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಉಗುರುಬೆಚ್ಚನೆಯ ನೀರು. ನಾನು ತಲೆ ತಗ್ಗಿಸಿದೆ. ಆಮೇಲೆ ಕೇಳಿಸಿತು, ತಿರುಮಣಿಯ ಚಪ್ಪರದ ಕೆಳಗಿನ ಅದೇ ನಗು, ಕೈಯಲ್ಲಿ ಅದೇ ಖಾಲಿ ಲೋಟ.

"ಅವತ್ತು ಆ ಗೋಣಿಚೀಲ ಹಿಂಡಿದ್ರೂ ಇಷ್ಟು ನೀರು ಬರ್ತಿತ್ತು ಕಣ್ರೀ" ಎಂದಳು.

ಊರಿಗೆ ಬಂದ ಮೇಲೆ ಜಾಗ ಆರಿಸುವ ಖಾತೆಯನ್ನು ನನ್ನಿಂದ ಕಿತ್ತುಕೊಳ್ಳಲಾಗಿದೆ. ಮೊನ್ನೆ ಮಧುಗಿರಿಯಿಂದ ತಿರುಮಣಿಗೆ ಹೊರಟಾಗ ಬಸ್ಸಿನಲ್ಲಿ ಸರೋಜ ತನಗೊಂದು ಸೀಟು ಆರಿಸಿ ಕೂತಳು. ನನಗೂ ಒಂದು ಜಾಗ ಆರಿಸಿದಳು. ಪಾವಗಡ ಬರುವವರೆಗೂ ಕಂಬಿ ಹಿಡಿದು ನಿಂತೇ ಇದ್ದೆ.