ಕಾಲು ತೆಗೆದ ಮೇಲೆ ಹೊರಟ ಕಾರು

ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅದು ನಡೆದದ್ದಕ್ಕಿಂತ ನಡೆಯಬೇಕಾಗಿದ್ದದ್ದನ್ನೇ ಹೆಚ್ಚು ಇಟ್ಟುಕೊಳ್ಳುತ್ತದೆ, ಅದರಲ್ಲೂ ನಾನು ಗೆದ್ದ ಸಂದರ್ಭಗಳಲ್ಲಿ. ಅಂಥವು ಕಡಿಮೆಯಾದ್ದರಿಂದ ಅದಕ್ಕೆ ಕೆಲಸವೂ ಕಡಿಮೆ. ಕಾರಿನ ವಿಷಯದಲ್ಲಿ ಮಾವನನ್ನು ಸೋಲಿಸಿದ್ದನ್ನು ಮಾತ್ರ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದೇನೆ.

ಸಾಲಿಗ್ರಾಮದ ನನ್ನ ಮಾವ ಹಳೆಯ ಪೆಟ್ರೋಲ್ ಜೀಪನ್ನು ಮೂವತ್ತು ವರ್ಷ ಓಡಿಸಿದವರು. ಅದರಲ್ಲಿದ್ದದ್ದು ಕಾರ್ಬುರೇಟರ್; ಆಕ್ಸಿಲರೇಟರ್ ತುಳಿದಾಗಲೆಲ್ಲ ಎಂಜಿನ್ನಿಗೆ ಒಂದು ಗುಟುಕು ಪೆಟ್ರೋಲ್ ಚಿಮ್ಮಿಸುತ್ತಿತ್ತು. ತುಳಿಯದೆ ಗಾಡಿ ಸ್ಟಾರ್ಟ್ ಮಾಡುವುದೆಂದರೆ ಅವರ ಪಾಲಿಗೆ ಕರು ಬಿಡದೆ ಹಾಲು ಕರೆಯಲು ಕೂತಂತೆ. ಭಾವಮೈದುನನ ನಿಶ್ಚಿತಾರ್ಥದ ಬೆಳಿಗ್ಗೆ, ಹೊಸ ಅಗ್ರಹಾರದ ಹೆಣ್ಣಿನ ಮನೆಗೆ ಹೊರಡಲು ಮಾವ ನನ್ನ ಕಾರಿನಲ್ಲಿ ನನ್ನ ಪಕ್ಕ ಕೂತರು. ಹಿಂದೆ ನನ್ನ ಹೆಂಡತಿ ಸವಿತಾ, ಅವಳ ತೊಡೆಯ ಮೇಲೆ ಸೀರೆ, ಬಳೆ, ಹೂವಿನ ತಟ್ಟೆ. ರಾಹುಕಾಲಕ್ಕೆ ಮೊದಲು ಆ ತಟ್ಟೆ ಅಲ್ಲಿರಬೇಕು.

"ತಳ ಮುಟ್ಟಂಗೆ ತುಳುದು ಕೀ ತಿರುಗ್ಸಿ, ಅಳಿಯಂದ್ರೇ" ಎಂದರು ಮಾವ. ತುಳಿದೆ. ಎಂಜಿನ್ ತಿರುಗಿತು, ಹತ್ತಲಿಲ್ಲ. "ಇನ್ನೂ ಒತ್ತಿ." ಒತ್ತಿದೆ. ಮೂರನೇ ಸಲಕ್ಕೆ ನೆಂಟರೆಲ್ಲ ಕಾರಿನ ಸುತ್ತ ನೆರೆದರು. "ಬುಡಿ, ಟ್ರ್ಯಾಕ್ಟರ್‌ಗೆ ಅಗ್ಗ ಕಟ್ಟಿ ಎಳುಸ್ತೀನಿ" ಎಂದರು ಮಾವ. ಬೀಗರ ಬಾಗಿಲಿಗೆ ಹಗ್ಗದ ತುದಿಯಲ್ಲಿ ಹೋಗಿ ಇಳಿಯುವ ಅಳಿಯ.

ಆಗ ಹೊಳೆಯಿತು. ನನ್ನ ಕಾರಿನಲ್ಲಿ ಪೆಡಲ್ ಪೆಟ್ರೋಲ್ ಕೊಡುವುದೇ ಇಲ್ಲ; ಗಾಳಿಯ ಬಾಗಿಲನ್ನಷ್ಟೇ ತೆರೆಯುತ್ತದೆ. ಎಷ್ಟು ಗಾಳಿ ಬಂತು, ಎಂಜಿನ್ ಎಷ್ಟು ತಣ್ಣಗಿದೆ ಎಂದು ಸೆನ್ಸರ್‌ಗಳು ಚಾಡಿ ಹೇಳುತ್ತವೆ. ಅದನ್ನು ಕೇಳಿ ಒಂದು ಪುಟ್ಟ ಕಂಪ್ಯೂಟರ್, ಇಂಜೆಕ್ಟರಿನ ಮೂತಿಯನ್ನು ಕಣ್ಣು ಮಿಟುಕಿಸುವುದರೊಳಗೆ ತೆರೆದು ಮುಚ್ಚಿ, ಬೇಕಾದಷ್ಟೇ ಪೆಟ್ರೋಲ್ ಸಿಂಪಡಿಸುತ್ತದೆ. ಸ್ಟಾರ್ಟ್ ಮಾಡುವಾಗಲೇ ಪೆಡಲನ್ನು ತಳಕ್ಕೊತ್ತಿದರೆ, ಒಳಗೆ ಪೆಟ್ರೋಲ್ ಜಾಸ್ತಿಯಾಗಿದೆ, ಒಣಗಿಸುತ್ತಿದ್ದಾರೆ ಎಂದುಕೊಂಡು ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತದೆ. ಉಣ್ಣಿಸುತ್ತಿದ್ದೇವೆಂದುಕೊಂಡು ನಾವು ಉಪವಾಸ ಕೆಡವಿದ್ದೆವು.

ಕಾಲು ತೆಗೆದು ಕೀ ತಿರುಗಿಸಿದೆ. ತಕ್ಷಣ ಹತ್ತಿತು. ಟ್ರ್ಯಾಕ್ಟರಿನ ಹಗ್ಗ ಅಂಗಳದಲ್ಲೇ ಉಳಿಯಿತು. ತಟ್ಟೆ ಹೊತ್ತಿಗೆ ಮುಂಚೆಯೇ ಬೀಗರ ಮನೆ ಸೇರಿತು. "ನಮ್ಮಳಿಯಂದ್ರು ಓದ್ಕಂಡವ್ರೆ ಕಣ್ರೀ" ಎಂದು ಮಾವ ಬೀಗರಿಗೆ ಹೇಳಿದರು. ಪಾಯಸ ಬಂದ ಮೇಲೆ ಸೇರಿಸಿದರು: "ಆದ್ರೂ ನಾನು ಅಷ್ಟೊತ್ತು ತುಳುಸಿದ್ಕೇ ಸ್ಟಾರ್ಟ್ ಆಗಿದ್ದು."

ಇದನ್ನು ಬರೆಯುವ ಮುನ್ನ, ಯಾವುದಕ್ಕೂ ಇರಲಿ ಎಂದು ಅಂದಿನ ಡೈರಿ ತೆರೆದೆ. ನನ್ನದೇ ಅಕ್ಷರ: 'ಸವಿತಾ ಹಿಂದಿನಿಂದ, "ರೀ, ನಮ್ಮನೇಲಿ ನೀವು ಹಿಂಗೆ ತುಳಿಯಲ್ವಲ್ಲ, ಕಾಲು ತೆಗೀರಿ" ಅಂದಳು.' ಅದರ ಕೆಳಗೆ: 'ಸಂಜೆ ಕಾರಿನ ಕೈಪಿಡಿಯನ್ನು ಮೊದಲ ಸಲ ಓದಿದೆ.'

ಇರಲಿ. ಕಾಲು ತೆಗೆದವನಂತೂ ನಾನೇ.