ಬಾಷಾ ಸಾಬರ ಎಂಜಿನ್ನು ಬಿಸಿಯಾಗುವ ಹೊತ್ತು

ಬಾರದ ಬಸ್ಸಿಗೆ ಕಾಯುವುದು ಅಷ್ಟೇನೂ ಕಷ್ಟವಲ್ಲ. ಬೈಯಬಹುದು, ಬೀಡಿ ಹಚ್ಚಬಹುದು, ಮನೆಗೆ ಹೋಗಿ ಮತ್ತೆ ಮಲಗಬಹುದು. ನನ್ನನ್ನು ಅರ್ಧ ಹುಚ್ಚನನ್ನಾಗಿ ಮಾಡಿದ್ದು ಬಂದು ನಿಂತ ಬಸ್ಸು. ಟಿಕೆಟ್ಟು ಹರಿದುಕೊಟ್ಟಾಗಿದೆ, ಬಾಗಿಲು ಹಾಕಿದೆ, ಎಂಜಿನ್ನು ಊರೆಲ್ಲ ಎದ್ದು ಕೂರುವಂತೆ ಬಡಿದುಕೊಳ್ಳುತ್ತಿದೆ, ಸೀಟು ನಡುಗುತ್ತಿದೆ, ಸೀಟಿನ ಮೇಲೆ ನಾನೂ ನಡುಗುತ್ತಿದ್ದೇನೆ. ಬಸ್ಸು ಮಾತ್ರ ಒಂದು ಗೇಣೂ ಮುಂದೆ ಹೋಗಿಲ್ಲ. ಕೇಳಿದರೆ ಡ್ರೈವರ್ ಬಾಷಾ ಸಾಬರು ಹಿಂದಕ್ಕೂ ತಿರುಗದೆ, "ಎಂಜಿನ್ನು ಬಿಸಿ ಆಗ್ಬೇಕು ಮೇಷ್ಟ್ರೇ" ಎನ್ನುತ್ತಿದ್ದರು.

ಆಗ ನಾನು ಸಾದಲಿಯ ಶಾಲೆಯಲ್ಲಿ ಹಂಗಾಮಿ ಮೇಷ್ಟ್ರು. ಅರವತ್ತರ ಆಚೀಚೆ ಇರಬೇಕು. ಇಸವಿ ಹೇಳಹೊರಟರೆ ತಪ್ಪು ಹೇಳುತ್ತೇನೆ. ರಾತ್ರಿ ಊರಿನಲ್ಲೇ ತಂಗುವ ಬಸ್ಸು ಬೆಳಗ್ಗೆ ಆರೂವರೆಗೆ ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗುತ್ತಿತ್ತು. ಹೋಗಬೇಕಿತ್ತು ಎಂದರೆ ಸರಿ. ಅದಕ್ಕೂ ಮೊದಲು ಆ ದಾರಿಯಲ್ಲಿ ಪೆಟ್ರೋಲ್ ಬಸ್ಸಿತ್ತಂತೆ. ಮುಂದೆ ಹ್ಯಾಂಡಲ್ ಹಾಕಿ ನಾಲ್ಕು ಸುತ್ತು ತಿರುಗಿಸಿದರೆ ಸಾಕು, ಹೊರಟೇಬಿಡುತ್ತಿತ್ತು. ಆ ಹ್ಯಾಂಡಲ್ಲಿನ ಕಿರಕಿರ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಆದರೆ ನಾನು ಸಾದಲಿಗೆ ಬರುವ ಹೊತ್ತಿಗೆ ಪೆಟ್ರೋಲ್ ಬಸ್ಸು ನಿಂತು ಎರಡು ವರ್ಷವಾಗಿತ್ತು. ಹಾಗಾದರೆ ಆ ಸದ್ದನ್ನು ನಾನು ಎಲ್ಲಿ ಕೇಳಿದೆ? ನನ್ನ ನೆನಪುಗಳಲ್ಲಿ ಇಂಥವು ಬಹಳ ಇವೆ. ಓದುವವರು ಸ್ವಲ್ಪ ಹುಷಾರಾಗಿರುವುದು ಒಳ್ಳೆಯದು.

ಡೀಸೆಲ್ ಎಂಜಿನ್ನು ಎಷ್ಟು ಹೊತ್ತಿಗೆ ಬಿಸಿಯಾಗುತ್ತದೆ ಎಂಬುದಕ್ಕೆ ಬಾಷಾ ಸಾಬರ ಬಳಿ ಗಡಿಯಾರದ ಉತ್ತರವಿರಲಿಲ್ಲ. ಕೆಳಗಿಳಿದು ಬಾನೆಟ್ಟಿನ ಮೇಲೆ ಅಂಗೈ ಇಡುತ್ತಿದ್ದರು. ಹೆಣ್ಣು ನೋಡಲು ಬಂದು ಒಪ್ಪದೆ ಎದ್ದವರಂತೆ ಮುಖ ಮಾಡಿ ಟೀ ಅಂಗಡಿಗೆ ನಡೆಯುತ್ತಿದ್ದರು. ಎಷ್ಟು ಹೊತ್ತಾಯಿತು ಎಂದು ಪ್ರಯಾಣಿಕರನ್ನು ಕೇಳಿದರೆ ಒಬ್ಬ ಎರಡು ಬೀಡಿ ಎನ್ನುವನು, ಇನ್ನೊಬ್ಬ ಒಂದು ಹಸು ಕರೆಯುವಷ್ಟು ಎನ್ನುವನು. ನಾನು ಒಂದು ವಾರ ಕೈಗಡಿಯಾರ ನೋಡಿ ಟಿಪ್ಪಣಿ ಇಟ್ಟೆ. ಏಳನೆಯ ದಿನ ಗೊತ್ತಾಯಿತು, ಚಳಿಗೆ ನನ್ನ ಗಡಿಯಾರವೇ ನಿಂತು ನಿಂತು ನಡೆಯುತ್ತಿದೆ ಎಂದು.

ಇಷ್ಟೆಲ್ಲ ಪರದಾಟಕ್ಕೆ ಕಾರಣವಿತ್ತು. ಕೆಲಸ ಕಾಯಂ ಆಗಬೇಕಾದರೆ ಚಿಕ್ಕಬಳ್ಳಾಪುರದಲ್ಲಿ ಇಲಾಖೆಯ ಪರೀಕ್ಷೆ ಬರೆಯಬೇಕು. ಅದನ್ನು ನಡೆಸುವ ಪುಣ್ಯಾತ್ಮರು ಅದನ್ನು ಚಳಿಗಾಲದಲ್ಲೇ, ಬೆಳಗ್ಗೆ ಒಂಬತ್ತಕ್ಕೇ ಇಡುತ್ತಿದ್ದರು. ಹಿಂದಿನ ವರ್ಷ ಎಂಜಿನ್ನು ಬಿಸಿಯಾಗುವಷ್ಟರಲ್ಲಿ ನನ್ನ ಪರೀಕ್ಷೆ ತಣ್ಣಗಾಗಿತ್ತು. ಈ ಸಲವೂ ತಪ್ಪಿದರೆ ಮನೆಗೆ ಹೋಗಬಹುದು ಎಂದು ಕಾಗದದಲ್ಲೇ ತಿಳಿಸಿದ್ದರು.

ಆದ್ದರಿಂದ ಒಂದು ಉಪಾಯ ಹೂಡಿದೆ. ಪೇರೇಸಂದ್ರದ ಬಳಿ ರಸ್ತೆ ಬದಿಯಲ್ಲಿ ಲಾರಿಯವರು ಎಂಜಿನ್ನಿನ ಕೆಳಗೆ ಕೆಂಡವಿಟ್ಟು ಕಾಯಿಸುವುದನ್ನು ನೋಡಿದ್ದೆ. ನಾನು ಬಾಡಿಗೆಗಿದ್ದ ಮನೆಯ ಒಡತಿ ವೆಂಕಟಮ್ಮ ರೇಷ್ಮೆ ಸಾಕುವವರು; ಹುಳದ ಕೋಣೆಯನ್ನು ಬೆಚ್ಚಗಿಡಲು ಅವರ ಬಳಿ ದೊಡ್ಡ ಅಗ್ಗಿಷ್ಟಿಕೆಯಿತ್ತು. ಪರೀಕ್ಷೆಯ ಹಿಂದಿನ ದಿನ ಕೇಳಿದೆ.

"ಏಮಯ್ಯಾ ಮೇಷ್ಟ್ರೇ, ಹುಳ ಜ್ವರಕ್ಕೆ ಕೂತವೆ" ಎಂದರು ವೆಂಕಟಮ್ಮ. ಪೊರೆ ಬಿಡುವ ಮುಂಚೆ ಹುಳ ಅಲ್ಲಾಡದೆ ಮಲಗುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. "ಈಗ ಶೀತ ತಗುಲಿದ್ರೆ ಮುಗೀತು. ಬಸ್ಸಿಗೆ ಬೇಕು ಅಂತ ನನ್ನ ಹುಳ ಸಾಯ್ಬೇಕಾ?"

"ಅರ್ಧ ಗಂಟೆ ಅಷ್ಟೇ."

"ಬಸ್ಸು ಹೊರಡೋಕೆ ಮುಂಚೆ ನೀನೇ ಕೈಯಾರೆ ತಂದಿಡ್ಬೇಕು. ಬೇರೆಯೋರ ಕೈಲಿ ಕಳಿಸಿದ್ರೆ ಆಗಲ್ಲ. ಇವಾಗ್ಲೇ ಹೇಳ್ಬಿಟ್ಟಿದ್ದೀನಿ."

ಬಾಷಾ ಸಾಬರನ್ನು ಒಪ್ಪಿಸುವುದು ಇನ್ನೂ ಕಷ್ಟವಾಯಿತು. "ಲಾರಿಯೋರ ಬುದ್ಧಿ ನಂಗ್ಯಾಕೆ ಹೇಳ್ತೀರಿ? ಎಂಜಿನ್ನು ತಾನೇ ಬಿಸಿ ಆಗ್ಬೇಕು, ಬಲವಂತ ಮಾಡಬಾರದು" ಎಂದು ವಾದಿಸಿದರು. ನನ್ನ ಕೆಲಸದ ವಿಷಯ ಹೇಳಿದ ಮೇಲೆ ಮೆತ್ತಗಾಗಿ, "ಹಾಂ, ಒಂದು ದಿನ ನೋಡಣ" ಎಂದರು.

ಬೆಳಗ್ಗೆ ಆರಕ್ಕೆ ಕೆಂಡ ತುಂಬಿದ ಅಗ್ಗಿಷ್ಟಿಕೆ ಎಂಜಿನ್ನಿನ ಕೆಳಗೆ ಸೇರಿತು. ಬೂದಿ ಊದಿ ಊದಿ ನನ್ನ ಕಣ್ಣು ಕೆಂಪಾಯಿತು. ಆರು ಇಪ್ಪತ್ತಕ್ಕೆ ಬಾಷಾ ಸಾಬರು ಸ್ಟಾರ್ಟ್ ಮಾಡಿದರೆ ಒಂದೇ ಏಟಿಗೆ ಹಿಡಿಯಿತು. ಇಳಿದು ಬಂದು ಅಂಗೈ ಇಟ್ಟರು, ಇನ್ನೊಂದು ಅಂಗೈಯನ್ನೂ ಇಟ್ಟರು. "ಆಯ್ತಲ್ಲ ಮೇಷ್ಟ್ರೇ" ಎಂದರು, ಯಾರೋ ತಮಗೆ ಮೋಸ ಮಾಡಿದಂತೆ.

ನಾನು ಕಿಟಕಿಯ ಪಕ್ಕದ ಸೀಟಿನಲ್ಲಿ ಚೀಲವನ್ನು ನಿಲ್ಲಿಸಿ, ಬೇರೆಯವರು ಕೂರದಿರಲಿ ಎಂದು ಅದಕ್ಕೆ ನನ್ನ ಶಾಲು ಹೊದಿಸಿ, ಅಗ್ಗಿಷ್ಟಿಕೆ ಹೊತ್ತು ಮನೆಗೆ ಓಡಿದೆ. ವೆಂಕಟಮ್ಮ ಅದನ್ನು ಯಾವ ಮೂಲೆಯಲ್ಲಿ, ತಟ್ಟೆಗಳಿಂದ ಎಷ್ಟು ದೂರ ಇಡಬೇಕೆಂದು ಮೂರು ಸಲ ಜಾಗ ಬದಲಿಸಿದರು. ಹೊರಗೆ ಬಂದರೆ ಬೀದಿ ಖಾಲಿ. ಚಳಿಗೆ ಎಲ್ಲರೂ ತಲೆತುಂಬ ಹೊದ್ದು ಕೂತಿದ್ದರಿಂದ ಕಂಡಕ್ಟರು ನನ್ನ ಚೀಲವನ್ನೂ ಒಂದು ತಲೆ ಎಂದು ಎಣಿಸಿ ರೈಟ್ ಅಂದಿದ್ದ. ಆ ಇಡೀ ಚಳಿಗಾಲದಲ್ಲಿ ಬಸ್ಸು ಆರೂವರೆಗೆ ಸರಿಯಾಗಿ ಹೊರಟದ್ದು ಅದೊಂದೇ ದಿನ. ಪ್ರವೇಶಪತ್ರ, ಪೆನ್ನು, ಚಿತ್ರಾನ್ನ ಸಮೇತ ನನ್ನ ಚೀಲ ಪರೀಕ್ಷೆಗೆ ಅರ್ಧ ಗಂಟೆ ಮುಂಚೆಯೇ ಚಿಕ್ಕಬಳ್ಳಾಪುರ ಸೇರಿತು.

ಯಾರದೋ ಸೈಕಲ್ಲು ಬೇಡಿ, ಶಿಡ್ಲಘಟ್ಟದಲ್ಲಿ ಇನ್ನೊಂದು ಬಸ್ಸು ಹಿಡಿದು ನಾನು ಸೇರಿದ್ದು ಹನ್ನೊಂದರ ಮೇಲೆ. ಪರೀಕ್ಷೆಯ ಅಧಿಕಾರಿ ಕಾರಣ ಬರೆದುಕೊಡಲು ಹೇಳಿದರು. ನಿಜ ಬರೆಯಲು ಕೂತೆ. ಆದರೆ ಹುಳ, ಕೆಂಡ, ಶಾಲು ಹೊದ್ದ ಚೀಲ, ಇದನ್ನೆಲ್ಲ ಯಾರು ನಂಬುತ್ತಾರೆ? ಹೊಡೆದುಹಾಕಿ, "ಚಳಿಯಲ್ಲಿ ಬಸ್ಸಿನ ಎಂಜಿನ್ನು ಬಿಸಿಯಾಗುವುದು ತಡವಾದ ಕಾರಣ" ಎಂದು ಬರೆದೆ.

"ಹೋದ ವರ್ಷಾನೂ ಇದೇ ಬರೆದಿದ್ರಲ್ರೀ?"

"ಎಂಜಿನ್ನೂ ಅದೇ ಸ್ವಾಮಿ."

ಅವರು ನಗಲಿಲ್ಲ. ಬಸ್ಸಿನ ಮಾಲೀಕರನ್ನು ಬರಹದಲ್ಲಿ ಕೇಳುತ್ತೇನೆ, ನಿಜವಾದರೆ ಇನ್ನೊಮ್ಮೆ ಕೂರಿಸುತ್ತೇನೆ, ಸುಳ್ಳಾದರೆ ಸಾದಲಿಗೆ ಬೇರೆ ಮೇಷ್ಟ್ರು ಬರುತ್ತಾರೆ ಎಂದರು.

ವಾರ ಕಳೆದ ಮೇಲೆ ಬಾಷಾ ಸಾಬರು ಒಂದು ಕಾಗದ ಹಿಡಿದು ಶಾಲೆಗೇ ಬಂದರು. ಅವರಿಗೆ ಉರ್ದು ಬಿಟ್ಟರೆ ಬೇರೆ ಓದಲು ಬಾರದು. ಊರಿನ ಕಾಗದಗಳನ್ನೆಲ್ಲ ಓದಿ ಬರೆದುಕೊಡುತ್ತಿದ್ದವನು ನಾನೇ. ಆ ದಿನ ಬಸ್ಸು ಎಷ್ಟು ಹೊತ್ತಿಗೆ ಹೊರಟಿತು, ಬರೆದು ತಿಳಿಸು ಎಂದು ಮಾಲೀಕರು ಕೇಳಿದ್ದರು. ಅಷ್ಟನ್ನು ಮಾತ್ರ ಓದಿ ಹೇಳಿದೆ. ಮಾಲೀಕರನ್ನು ಹಾಗೆ ಕೇಳಿದ್ದು ಪರೀಕ್ಷೆಯ ಅಧಿಕಾರಿ ಎಂಬ ಸಾಲನ್ನು ಓದಲಿಲ್ಲ.

ಬಾಷಾ ಸಾಬರ ಮುಖ ಅರಳಿತು. "ಬರೀರಿ ಮೇಷ್ಟ್ರೇ. ಆರೂವರೆಗೆ ಕರೆಕ್ಟಾಗಿ ಬಿಟ್ಟೆ ಅಂತ. ಧಣಿಗೆ ಯಾರೋ ಒಳ್ಳೇದು ಹೇಳಿರ್ಬೇಕು. ಹದಿನಾಲ್ಕು ವರ್ಷದಲ್ಲಿ ಒಂದ್ಸಲಾನಾದ್ರೂ ಕೇಳಿದ್ರಲ್ಲ."

ನಾನು ಬರೆದೆ. ಅಕ್ಷರ ನನ್ನದೆಂದು ಕಾಣದಿರಲೆಂದು ಎಡಕ್ಕೆ ವಾಲಿಸಿ, ಎಂಜಿನ್ನು ಬಿಸಿಯಾಗದೆ ಎರಡೂವರೆ ಗಂಟೆ ತಡವಾಯಿತು, ತಪ್ಪು ಚಳಿಯದು ಎಂದು ಬರೆದೆ. ಓದಿ ಹೇಳಿ ಎಂದರು. "ಆರೂವರೆಗೆ ಸರಿಯಾಗಿ ಹೊರಟಿತು" ಎಂದು ಓದಿದೆ. ಅವರು ಇನ್ನೊಮ್ಮೆ ಓದಿಸಿ ಕೇಳಿ, ಕೆಳಗೆ ನಿಧಾನವಾಗಿ ಉರ್ದುವಿನಲ್ಲಿ ಸಹಿ ಹಾಕಿದರು.

ನಾನು ಪರೀಕ್ಷೆ ಬರೆದೆ, ಕಾಯಂ ಆದೆ. ಚಳಿಯ ವಿಷಯ ಮಾಲೀಕರಿಗೂ ಗೊತ್ತಿದ್ದರಿಂದ ಬಾಷಾ ಸಾಬರಿಗೆ ತೊಂದರೆಯಾಗಲಿಲ್ಲ. ಆದರೆ ಧಣಿ ಒಂದು ಶಭಾಷ್ ಕೂಡ ಹೇಳಲಿಲ್ಲವೆಂದು ಅವರಿಗೆ ಬೇಸರ. ಬಸ್ಸಿನಲ್ಲಿ ಯಾರಾದರೂ ತಡವೆಂದು ಗೊಣಗಿದರೆ ಸಾಕು, "ಟೈಮಿಗೆ ಬಿಡೋದು ನಂಗೆ ಗೊತ್ತಿಲ್ವಾ? ಮೇಷ್ಟ್ರನ್ನ ಕೇಳಿ, ಬರಹದಲ್ಲಿ ಕೊಟ್ಟವ್ರೆ" ಎನ್ನುತ್ತಿದ್ದರು. ಎಲ್ಲರೂ ನನ್ನ ಕಡೆ ತಿರುಗುತ್ತಿದ್ದರು.

ಮುಂದಿನ ಚಳಿಗಾಲದಲ್ಲಿ ಒಂದು ಬೆಳಗ್ಗೆ, ಏಳು ಗಂಟೆ ದಾಟಿದ ಮೇಲೆ, ಪಕ್ಕದವನು ನನ್ನ ಮೊಣಕೈ ತಿವಿದ. "ನೀವಾದ್ರೂ ಹೇಳಿ ಮೇಷ್ಟ್ರೇ, ಇನ್ನೂ ಎಷ್ಟೊತ್ತು ಕೂರೋದು?"

ಹಲ್ಲು ಕಟಕಟಿಸುತ್ತಿತ್ತು. ಬಾಷಾ ಸಾಬರು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದರು.

"ಡೀಸೆಲ್ ಎಂಜಿನ್ನು ಕಣಪ್ಪ" ಎಂದೆ. "ಬಲವಂತ ಮಾಡಬಾರದು."