ಚಕ್ರಕ್ಕೆ ಕುಂಕುಮ

ನನ್ನ ಪಾಡಿಗೆ ನಾನು ಕೆಲಸ ಮಾಡುತ್ತಾ ಕೂತರೂ ನಗುವಂಥದ್ದು ಏನಾದರೂ ಆಗಿಯೇ ಆಗುತ್ತದೆ. ಮುಂಚೆ ನಗೋಕೆ ನನ್ನವಳಿದ್ದಳು. ಈಗ ಊರವರು ನಗುತ್ತಾರೆ.

ಉಪ್ಪು, ಹುಳಿ

ನಮ್ಮದು ಭೇರ್ಯದ ಹತ್ತಿರ ಒಂದು ಹಳ್ಳಿ. ಮನೆಯಲ್ಲಿ ಒಂದು ಮೊಪೆಡ್ ಇದೆ. ಓಡಿಸುತ್ತಿದ್ದವಳು ನನ್ನವಳು. ಹಾಲಿನ ಕ್ಯಾನು ಮುಂದೆ, ನಾನು ಹಿಂದೆ. ನನಗೆ ಓಡಿಸೋಕೆ ಬರೋದಿಲ್ಲ. ಅವಳು ಹೋದ ಮೇಲೆ ಗಾಡಿ ಜಗಲಿ ಪಕ್ಕ ನಿಂತೇ ಇತ್ತು. ಚಕ್ರವೆಲ್ಲ ತುಕ್ಕು.

ಪಿರಿಯಾಪಟ್ಟಣಕ್ಕೆ ಕೊಟ್ಟಿರುವ ಮಗಳು ಫೋನಿನಲ್ಲಿ ಹೇಳಿದಳು. “ಅಪ್ಪ, ಅದನ್ನ ನೋಡ್ತಾ ನೋಡ್ತಾ ನೀನು ಸೊರಗ್ತಿದ್ದೀಯ. ಪಕ್ಷದಲ್ಲಿ ಅಮ್ಮನ ಎಡೆಗೆ ಬತ್ತೀನಲ್ಲ, ಆಗ ಗುಜರಿಗೆ ಹಾಕ್ಬುಡಾನ.”

ಚಕ್ರ ಹೊಸದರ ಹಾಗೆ ಕಂಡರೆ ಅವಳ ಮನಸ್ಸು ಬದಲಾದೀತು ಅಂದುಕೊಂಡೆ.

ತುಕ್ಕು ತೆಗೆಯೋಕೆ ಅಂಗಡಿಯಲ್ಲಿ ಏನೋ ಸಿಗುತ್ತದಂತೆ. ದುಬಾರಿ. ನನ್ನವಳು ಹಿತ್ತಾಳೆ ಚೊಂಬು ಬೆಳಗುತ್ತಿದ್ದದ್ದು ಹುಣಸೆಹಣ್ಣು, ಉಪ್ಪಿನಲ್ಲಿ. ಅವಳು ತುಂಬಿಟ್ಟ ಜಾಡಿ ಹಾಗೇ ಇತ್ತು. ಚಕ್ರ ಬಿಚ್ಚಿ ತಿಕ್ಕುತ್ತಾ ಕೂತೆ.

ಪಕ್ಕದ ಮನೆ ಹೆಂಗಸು ಬೇಲಿಯಾಚೆಯಿಂದ ನೋಡಿದಳು. “ಏನಣ್ಣ, ಉಪ್ಪಾಯ್ತು, ಹುಳಿಯಾಯ್ತು. ಖಾರ ಯಾವಾಗ ಹಾಕ್ತೀಯ?”

“ಬೆಂದ ಮೇಲೆ ಕಣವ್ವ” ಅಂದೆ.

ಕೋಳಿ

ಕೆ.ಆರ್. ನಗರದಿಂದ ಬೆಳ್ಳಿ ಬಣ್ಣದ ಸ್ಪ್ರೇ ಡಬ್ಬ ತಂದೆ. ಟೈರಿಗೆ ಬಣ್ಣ ತಾಗದ ಹಾಗೆ ಸುತ್ತಲೂ ಹಳೇ ಲಗ್ನಪತ್ರಿಕೆ ಸಿಕ್ಕಿಸಿದೆ. ಅವಳು ಒಂದನ್ನೂ ಬಿಸಾಡಿರಲಿಲ್ಲ.

ಒತ್ತಿದೆ. ಗಾಳಿ ಬೀಸಿತು. ಬೇಲಿ ಪಕ್ಕ ಕೆದಕುತ್ತಿದ್ದ ಕೋಳಿಗೆ ಅರ್ಧ ಡಬ್ಬ ಹೋಯಿತು.

ಸಂಜೆ ಪಕ್ಕದವಳು ಬಂದಳು. “ಅಣ್ಣ, ನಮ್ಮ ಕೆಂದ ಕೋಳಿ ಕಂಡ್ಯಾ?” ಕೋಳಿ ಅವಳ ಕಾಲ ಬಳಿಯೇ ಇತ್ತು. ಬಗ್ಗಿ ನೋಡಿದಳು. “ಇದ್ಯಾರದು, ಫಾರಂದಾ?”

“ನಿಂದೇ ಕಣವ್ವ.”

ಅವಳ ಮುಖ ನೋಡಿ ನಗು ತಡೆಯಲಿಲ್ಲ. ಮನೆ ಕಡೆ ತಿರುಗಿ, “ಏ, ಬಾರೆ ಇಲ್ಲಿ” ಅಂದುಬಿಟ್ಟೆ. ಪಕ್ಕದವಳೂ ಬಾಗಿಲ ಕಡೆ ನೋಡಿದಳು. ಆಮೇಲೆ ಕೋಳಿ ಎತ್ತಿಕೊಂಡು ಹೋದಳು.

ಮಾರನೇ ದಿನ ಬೇಲಿಯಿಂದಲೇ ಹೇಳಿದಳು. “ಮೊಟ್ಟೆ ಮಾಮೂಲಿದೇ ಇಕ್ತದೆ ಕಣಣ್ಣ. ಯೋಚ್ನೆ ಮಾಡ್ಬ್ಯಾಡ.”

ಎಡೆ

ಎಡೆಯ ದಿನ ಹಿಂದಿನ ಚಕ್ರ ಒಣಗಿತ್ತು. ಮುಂದಿನದಕ್ಕೆ ಕೊನೇ ಕೋಟು ಆಗಷ್ಟೇ ಹೊಡೆದಿದ್ದೆ. ಮಳೆ ಹನಿಯಿತು. ಚಕ್ರ ತಂದು ನಡುಮನೆ ಗೋಡೆಗೆ ಒರಗಿಸಿ ಸ್ನಾನಕ್ಕೆ ಹೋದೆ.

ಬರುವಷ್ಟರಲ್ಲಿ ಮಗಳೂ, ಹುಣಸೂರಿನಿಂದ ನನ್ನವಳ ಅಕ್ಕನೂ ಬಂದು, ಅಲ್ಲೇ ಎಡೆ ಹಾಕಿದ್ದರು. ಬಾಳೆಲೆ, ಹೊಸ ಸೀರೆ, ಅವಳಿಗೆ ಇಷ್ಟದ ಒತ್ತು ಶಾವಿಗೆ. ಚಕ್ರಕ್ಕೂ ಅರಿಶಿನ, ಕುಂಕುಮ, ಚೆಂಡು ಹೂವು.

“ಒಳ್ಳೇದ್ ಮಾಡ್ದೆ ಕಣಪ್ಪ” ಅಂದರು ಅಕ್ಕ. “ ಅವಳಿಗೆ ಗಾಡಿ ಅಂದ್ರೆ ಜೀವ. ಚಕ್ರಾನೂ ಎಡೆಗೆ ಇಟ್ಟಿದ್ದೀಯ.”

“ಅಲ್ಲ, ಬಣ್ಣ...” ಅಂದೆ.

“ಸುಮ್ಕಿರು. ಅವಳು ಉಣ್ಣೋ ಹೊತ್ತು.”

ಮಗಳು ಅಳುತ್ತಾ ಬಗ್ಗಿ ಚಕ್ರಕ್ಕೆ ಹಣೆ ಮುಟ್ಟಿಸಿದಳು. ಎದ್ದಾಗ ಹಣೆ ತುಂಬ ಬೆಳ್ಳಿ ಪಟ್ಟೆ. ಅಕ್ಕನೂ ಬಗ್ಗಿದರು. ಅವರಿಗೆ ಮೂಗಿನ ತುದಿಗೆ ಹತ್ತಿತು. ಇಬ್ಬರೂ ಮುಖ ಮುಖ ನೋಡಿಕೊಂಡರು. ಮೊದಲು ನಕ್ಕವನು ನಾನೇ. ಎಡೆ ಮುಂದೆ ನಗಬಾರದು ಅಂತ ಅಕ್ಕ ಬಾಯಿಗೆ ಸೆರಗು ತುರುಕಿಕೊಂಡು ನಕ್ಕರು.

ಮಗಳು ಕಣ್ಣೊರೆಸಿಕೊಂಡಳು. “ನೀನು ನಗೋದ ನೋಡಿ ಯಾವ ಕಾಲ ಆಯ್ತಪ್ಪ. ಗುಜರಿಗೆ ಬ್ಯಾಡ ಬುಡು.”

ಬೆಳಗ್ಗೆ ಚಕ್ರ ಜೋಡಿಸಿದೆ. ಕುಂಕುಮ ಬಣ್ಣದ ಜೊತೆಗೇ ಒಣಗಿ ಕೂತಿತ್ತು. ಉಜ್ಜಲಿಲ್ಲ. ಗಾಡಿ ಕೆಮ್ಮಿ ಕೆಮ್ಮಿ ಸ್ಟಾರ್ಟಾಯಿತು. “ಕೂತ್ಕೊ ಅಪ್ಪ” ಅಂದಳು ಮಗಳು. ಅವಳಮ್ಮನ ದನಿಯೇ. ಹಿಂದೆ ಕೂತೆ.

ಭೇರ್ಯದಲ್ಲಿ ಅವಳು ಬಸ್ಸು ಹತ್ತಿದಳು. ಬಸ್ಸು ಹೋಯಿತು. ಗಾಡಿ ನನ್ನ ಕೈಯಲ್ಲಿ. ನನಗೆ ಓಡಿಸೋಕೆ ಬರೋದಿಲ್ಲ ಅನ್ನೋದು ಇಬ್ಬರಿಗೂ ಮರೆತಿತ್ತು.

ತಳ್ಳಿಕೊಂಡು ಹೊರಟೆ. ಕುಂಕುಮ ಮೇಲೆ ಬರುತ್ತಿತ್ತು, ಕೆಳಗೆ ಹೋಗುತ್ತಿತ್ತು. ದಾರಿಯಲ್ಲಿ ಎತ್ತು ಹೊಡೆದುಕೊಂಡು ಬರುತ್ತಿದ್ದವನೊಬ್ಬ ಕೇಳಿದ. “ಯಾಕಣ್ಣ, ಪೆಟ್ರೋಲ್ ಮುಗೀತಾ?”

“ಇಲ್ಲ ಕಣಪ್ಪ. ಪೆಟ್ರೋಲ್ ಅದೆ. ಓಡ್ಸೋಳು ನೆನ್ನೆ ಎಡೆ ಉಂಡ್ಕಂಡು ಹೊಂಟೋದ್ಲು.”